ಬಂದಷ್ಟನ್ನೇ ಎಣಿಸಿ: ಜಾವಾದಲ್ಲಿ ಇನ್‌ಪುಟ್ ಸ್ಟ್ರೀಮ್‌ನಿಂದ ಬೈಟ್ ಓದುವ ಕ್ರಮ

ಜಾವಾ ಭಾಷೆಯಲ್ಲಿ ಬೈಟ್‌ಗಳು ಫೈಲಿನಿಂದ ಬರಲಿ, ನೆಟ್‌ವರ್ಕಿನಿಂದ ಬರಲಿ, ಮೆಮೊರಿಯಲ್ಲಿರುವ ಅರೇಯಿಂದಲೇ ಬರಲಿ, ಅವನ್ನು ಓದುವ ಪ್ರೋಗ್ರಾಮನ್ನು ಒಂದೇ ರೀತಿಯಲ್ಲಿ ಬರೆಯಲು ಅನುಕೂಲ ಮಾಡಿಕೊಡುವುದು ಇನ್‌ಪುಟ್‌ಸ್ಟ್ರೀಮ್ ಎಂಬ ಕ್ಲಾಸ್. 1996ರಲ್ಲಿ ಹೊರಬಂದ ಮೊದಲ ಆವೃತ್ತಿಯಿಂದಲೂ ಅದು ಜಾವಾದಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಹಾಗೂ ಬಿಸಿಎ ತರಗತಿಗಳಲ್ಲಿ ಜಾವಾ ಕಲಿಯುವ ವಿದ್ಯಾರ್ಥಿಗಳು ಇದರ ಲೂಪನ್ನು ಸಾಮಾನ್ಯವಾಗಿ ಹಿರಿಯರ ಲ್ಯಾಬ್ ರೆಕಾರ್ಡ್ ನೋಡಿ ಬರೆದುಕೊಳ್ಳುತ್ತಾರೆ. ಲ್ಯಾಬಿನ ಪುಟ್ಟ ಫೈಲಿನ ಮೇಲೆ ಆ ಲೂಪ್ ಸರಿಯಾಗಿಯೇ ನಡೆಯುವುದರಿಂದ ಅದರೊಳಗಿನ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ಫೈಲ್, ಕನ್ನಡ ಪಠ್ಯ ಅಥವಾ ನೆಟ್‌ವರ್ಕ್ ಎದುರಾದಾಗ ಮಾತ್ರ ಅದು ಹೊರಬರುತ್ತದೆ. ಇಂತಹ ದೋಷಗಳಲ್ಲಿ ಹೆಚ್ಚಿನವು ರೀಡ್ ಮೆಥಡ್ ಹಿಂತಿರುಗಿಸುವ ಸಂಖ್ಯೆಯನ್ನು ಅಲಕ್ಷಿಸುವುದರಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಬರಹದ ಬಹುಭಾಗ ಆ ಸಂಖ್ಯೆಯ ಸುತ್ತಲೇ ಇದೆ. ಕ್ಲಾಸ್ ಮತ್ತು ಮೆಥಡ್‌ಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಪ್ರೋಗ್ರಾಂ ಟೈಪ್ ಮಾಡುವಾಗ ಜಾವಾದ ಮೂಲ ಕಾಗುಣಿತವನ್ನೇ ಬಳಸಬೇಕು.

ಮೊದಲು ಕ್ಲಾಸಿನ ರಚನೆಯನ್ನು ನೋಡೋಣ. ಇನ್‌ಪುಟ್‌ಸ್ಟ್ರೀಮ್ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್, ಆದ್ದರಿಂದ ಅದರ ಆಬ್ಜೆಕ್ಟನ್ನು ನೇರವಾಗಿ ಸೃಷ್ಟಿಸಲು ಬರುವುದಿಲ್ಲ. ಅದರಲ್ಲಿ ಸಬ್‌ಕ್ಲಾಸ್ ಕಡ್ಡಾಯವಾಗಿ ಬರೆಯಬೇಕಾದ ಮೆಥಡ್ ಒಂದೇ ಒಂದು: ಆರ್ಗ್ಯುಮೆಂಟ್ ಇಲ್ಲದ ರೀಡ್. ಅರೇ ತೆಗೆದುಕೊಳ್ಳುವ ರೀಡ್, ಮೂಲ ಕ್ಲಾಸಿನಲ್ಲಿ, ಈ ಒಂಟಿ ರೀಡನ್ನೇ ಮತ್ತೆ ಮತ್ತೆ ಕರೆದು ಕೆಲಸ ಮುಗಿಸುತ್ತದೆ. ಫೈಲ್‌ಇನ್‌ಪುಟ್‌ಸ್ಟ್ರೀಮ್, ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್ ಮುಂತಾದ ಸಬ್‌ಕ್ಲಾಸ್‌ಗಳು ವೇಗಕ್ಕಾಗಿ ಅದನ್ನು ತಮ್ಮ ರೀತಿಯಲ್ಲಿ ಪುನಃ ಬರೆದುಕೊಂಡಿವೆ. ಇದರಿಂದ ನಮಗೆ ದೊರೆಯುವ ಪಾಠವೇನೆಂದರೆ, ಬೈಟ್ ಓದುವ ನಮ್ಮ ಮೆಥಡ್ ಫೈಲಿನ ಹೆಸರನ್ನಾಗಲಿ ಫೈಲ್‌ಇನ್‌ಪುಟ್‌ಸ್ಟ್ರೀಮ್ ಅನ್ನಾಗಲಿ ಕೇಳದೆ ಇನ್‌ಪುಟ್‌ಸ್ಟ್ರೀಮ್ ಅನ್ನೇ ಪ್ಯಾರಾಮೀಟರ್ ಆಗಿ ಪಡೆಯಬೇಕು. ಹಾಗೆ ಬರೆದ ಮೆಥಡನ್ನು ಇಂದು ಫೈಲಿಗೂ ನಾಳೆ ನೆಟ್‌ವರ್ಕ್ ಸಂಪರ್ಕದ ತುದಿಯಾದ ಸಾಕೆಟ್ಟಿಗೂ ಒಂದಕ್ಷರ ಬದಲಿಸದೆ ಬಳಸಬಹುದು.

ಆರ್ಗ್ಯುಮೆಂಟ್ ಇಲ್ಲದ ರೀಡ್ ಒಂದು ಬೈಟನ್ನು ಓದಿ ಅದರ ಬೆಲೆಯನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಕೊಡುತ್ತದೆ, ಸ್ಟ್ರೀಮ್ ಮುಗಿದಿದ್ದರೆ -1 ಕೊಡುತ್ತದೆ. ಓದುವುದು ಬೈಟಾದರೂ ಹಿಂತಿರುಗಿಸುವುದು ಇಂಟ್ ಏಕೆ ಎಂಬ ಪ್ರಶ್ನೆ ಬಹಳ ಜನರಿಗೆ ಬರುತ್ತದೆ, ಬರಲೂ ಬೇಕು. ಜಾವಾದ ಬೈಟ್ ಚಿಹ್ನೆ ಸಹಿತವಾದದ್ದು. ಅದರ ವ್ಯಾಪ್ತಿ -128ರಿಂದ 127. ಒಂದು ಬೈಟಿಗೆ ಸಾಧ್ಯವಿರುವ 256 ಬೆಲೆಗಳನ್ನೂ ಕೊಟ್ಟು, ಅದರ ಮೇಲೆ ‘ಮುಗಿಯಿತು’ ಎಂದು ಹೇಳಲು ಇನ್ನೊಂದು ಬೆಲೆ ಬೇಕಾದ್ದರಿಂದ ಬೈಟಿನೊಳಗೆ ಜಾಗ ಸಾಲುವುದಿಲ್ಲ. ಆದ ಕಾರಣ ಫಲಿತಾಂಶವನ್ನು ಇಂಟ್ ಆಗಿಯೇ ಇಟ್ಟುಕೊಂಡು, ಅದು -1 ಅಲ್ಲವೆಂದು ಖಚಿತವಾದ ನಂತರವೇ ಬೈಟ್ ಆಗಿ ಪರಿವರ್ತಿಸಬೇಕು.

ಈ ಕ್ರಮವನ್ನು ತಿರುವುಮುರುವು ಮಾಡಿದರೆ ಆಗುವುದನ್ನು ಒಂದು ಫೋಟೊ ಬಳಸಿ ನೋಡಬಹುದು. ಬೀದರಿನ ಮಹಮೂದ್ ಗವಾನ್ ಮದರಸಾದ ಒಂದು ಜೆಪೆಗ್ ಚಿತ್ರವನ್ನು ಪ್ರೋಗ್ರಾಂ ಮೂಲಕ ನಕಲು ಮಾಡಬೇಕಾಗಿದೆ ಎಂದುಕೊಳ್ಳಿ. ಜೆಪೆಗ್ ಫೈಲಿನ ಮೊದಲ ಮೂರು ಬೈಟ್‌ಗಳು 255, 216, 255. ರೀಡ್ ಕೊಟ್ಟ 255ನ್ನು ಮೊದಲೇ ಬೈಟ್ ಮಾಡಿದರೆ ಅದು -1 ಆಗುತ್ತದೆ. ಆಮೇಲೆ -1ರೊಂದಿಗೆ ಹೋಲಿಸಿದಾಗ ಲೂಪ್ ಮೊದಲ ಬೈಟಿನಲ್ಲಿಯೇ ನಿಂತು, ನಕಲಿನ ಗಾತ್ರ ಸೊನ್ನೆಯಾಗುತ್ತದೆ. ಯಾವ ಎಕ್ಸೆಪ್ಶನ್ನೂ ಬರುವುದಿಲ್ಲ. ಇದೇ ಪ್ರೋಗ್ರಾಂ ಪಠ್ಯದ ಫೈಲನ್ನು ಮಾತ್ರ ಚೊಕ್ಕಟವಾಗಿ ನಕಲು ಮಾಡುತ್ತದೆ, ಏಕೆಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ರ ಪಠ್ಯದಲ್ಲಿ 255 ಎಂಬ ಬೈಟ್ ಎಂದಿಗೂ ಬರುವುದಿಲ್ಲ. ಪಠ್ಯದ ಮೇಲೆ ಮಾತ್ರ ಪರೀಕ್ಷಿಸಿ ‘ಸರಿಯಾಗಿದೆ’ ಎಂದು ಸಹಿ ಹಾಕಿಸಿಕೊಂಡ ಪ್ರೋಗ್ರಾಮನ್ನು ನಂಬಬಾರದು.

ಒಂಟಿ ರೀಡಿಗೆ ಸಂಬಂಧಿಸಿದ ಇನ್ನೊಂದು ತಪ್ಪೂ ರೆಕಾರ್ಡ್ ಪುಸ್ತಕಗಳಲ್ಲಿ ಬಾಳಿಕೊಂಡು ಬಂದಿದೆ: ವೈಲ್ ಲೂಪಿನ ಷರತ್ತಿನಲ್ಲಿ ಒಮ್ಮೆ ರೀಡ್ ಕರೆದು -1 ಅಲ್ಲವೆಂದು ನೋಡಿ, ಲೂಪಿನ ಒಳಗೆ ಮುದ್ರಿಸಲು ಮತ್ತೊಮ್ಮೆ ರೀಡ್ ಕರೆಯುವುದು. ಪ್ರತಿ ಕರೆಯೂ ಒಂದು ಬೈಟನ್ನು ಖರ್ಚು ಮಾಡುವುದರಿಂದ ಒಂದು ಬಿಟ್ಟು ಒಂದು ಬೈಟ್ ಕಳೆದುಹೋಗುತ್ತದೆ, ಬೈಟ್‌ಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯಲ್ಲಿ -1 ಕೂಡ ಮುದ್ರಣವಾಗುತ್ತದೆ. ಷರತ್ತಿನಲ್ಲಿಯೇ ಫಲಿತಾಂಶವನ್ನು ವೇರಿಯಬಲ್‌ಗೆ ಹಾಕಿಕೊಂಡು ಅದನ್ನೇ ಒಳಗೆ ಬಳಸಿದರೆ ಈ ತೊಂದರೆ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅರೇ ತೆಗೆದುಕೊಳ್ಳುವ ರೀಡ್, ಅರೇಯನ್ನು ತುಂಬಿಸಿಕೊಡುತ್ತೇನೆಂದು ಎಲ್ಲಿಯೂ ಮಾತು ಕೊಟ್ಟಿಲ್ಲ. ಕನಿಷ್ಠ ಒಂದು ಬೈಟ್ ಸಿಗುವವರೆಗೆ, ಇಲ್ಲವೆ ಸ್ಟ್ರೀಮ್ ಮುಗಿಯುವವರೆಗೆ ಅದು ಕಾಯುತ್ತದೆ. ಸಿಕ್ಕಷ್ಟನ್ನು ಅರೇಯ ಆರಂಭದಿಂದ ಇಟ್ಟು, ಎಷ್ಟು ಇಟ್ಟೆನೆಂಬ ಎಣಿಕೆಯನ್ನು ಹಿಂತಿರುಗಿಸುತ್ತದೆ. ಅರೇಯ ಉದ್ದ 1024 ಇದ್ದು ಎಣಿಕೆ 1 ಬಂದರೂ ಅದು ನಿಯಮಬದ್ಧವೇ. ಇದನ್ನು ಕಣ್ಣಾರೆ ನೋಡಲು ‘ಕಲಬುರಗಿ’ ಎಂಬ ಒಂದೇ ಪದವಿರುವ, ಕೊನೆಗೆ ಎಂಟರ್ ಒತ್ತದ ಒಂದು ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿಕೊಳ್ಳಿ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಈ ಪದದಲ್ಲಿ ಕ, ಲ, ಬ, ಉಕಾರದ ಚಿಹ್ನೆ, ರ, ಗ, ಇಕಾರದ ಚಿಹ್ನೆ ಹೀಗೆ 7 ಸಂಕೇತಗಳಿವೆ. ಕಣ್ಣಿಗೆ ಐದೇ ಅಕ್ಷರ ಕಂಡರೂ ಫೈಲಿನ ಗಾತ್ರ 21 ಬೈಟ್. ಮೊದಲ ಅಕ್ಷರ ‘ಕ’ ಮಾತ್ರ 224, 178, 149 ಎಂಬ ಮೂರು ಬೈಟ್‌ಗಳಾಗಿರುತ್ತದೆ.

8 ಬೈಟ್ ಉದ್ದದ ಬಫರ್ (ಓದಿದ ಬೈಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಅರೇ) ತೆಗೆದುಕೊಂಡು ಈ ಫೈಲನ್ನು ಓದಿದರೆ ರೀಡ್ ಕ್ರಮವಾಗಿ 8, 8, 5, ಕಡೆಗೆ -1 ಕೊಡುತ್ತದೆ. ಮೂರನೆಯ ಕರೆಯನ್ನು ಗಮನವಿಟ್ಟು ನೋಡಬೇಕು. ಬಂದ 5 ಬೈಟ್‌ಗಳು ಬಫರಿನ 0ಯಿಂದ 4ರವರೆಗಿನ ಸ್ಥಾನಗಳಲ್ಲಿ ಕುಳಿತಿವೆ, ಆದರೆ 5, 6, 7ನೆಯ ಸ್ಥಾನಗಳಲ್ಲಿ ಎರಡನೆಯ ಕರೆಯಲ್ಲಿ ಬಂದಿದ್ದ 178, 176, 224 ಹಾಗೆಯೇ ಉಳಿದಿವೆ. ಒರೆಸದ ಹಲಗೆಯ ಮೇಲೆ ಅರ್ಧ ಸಾಲು ಹೊಸದಾಗಿ ಬರೆದಂತೆ. ಈಗ ಎಣಿಕೆಯನ್ನು ನೋಡದೆ ಇಡೀ ಬಫರನ್ನು ಔಟ್‌ಪುಟ್ ಫೈಲಿಗೆ ಬರೆದರೆ 21ರ ಬದಲು 24 ಬೈಟ್‌ಗಳಾಗಿ, ಕೊನೆಯಲ್ಲಿ ಕಸ ಸೇರಿಕೊಳ್ಳುತ್ತದೆ. ಸರಿಯಾದ ಲೂಪಿನ ಎರಡು ಸಾಲುಗಳು ಹೀಗಿರುತ್ತವೆ:

ವೈಲ್ ((ಎಣಿಕೆ = ಸ್ಟ್ರೀಮ್.ರೀಡ್(ಬಫರ್)) != -1)
ಔಟ್‌ಪುಟ್.ರೈಟ್(ಬಫರ್, 0, ಎಣಿಕೆ);

ಎರಡನೆಯ ಸಾಲಿನ ‘0, ಎಣಿಕೆ’ ಎಂಬ ಭಾಗವೇ ಇಲ್ಲಿಯ ಜೀವಾಳ. ಅದನ್ನು ಬಿಟ್ಟರೂ ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಫೈಲಿನ ಗಾತ್ರ ಬಫರಿನ ಉದ್ದದಿಂದ ಸರಿಯಾಗಿ ಭಾಗವಾಗುವಂತಿದ್ದರೆ ಫಲಿತಾಂಶವೂ ಸರಿಯೇ ಬರುತ್ತದೆ. ಇದಕ್ಕೆ ಒಂದು ವಿಚಿತ್ರ ಉದಾಹರಣೆ ನಮ್ಮ ಇದೇ ಫೈಲಿನಲ್ಲಿದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಬಿಒಎಂ ಎಂಬ ಗುರುತಿನ ಸಹಿತವಾದ ಯುಟಿಎಫ್-8 ಆಯ್ಕೆ ಮಾಡಿದರೆ ಫೈಲಿನ ಆರಂಭಕ್ಕೆ 239, 187, 191 ಎಂಬ ಮೂರು ಬೈಟ್‌ಗಳು ಸೇರಿ ಗಾತ್ರ 24 ಆಗುತ್ತದೆ. ಮೂರು ಬಾರಿಯೂ ಬಫರ್ ಪೂರ್ತಿ ತುಂಬುವುದರಿಂದ ದೋಷವಿರುವ ಲೂಪ್ ಕೂಡ ತಪ್ಪಿಲ್ಲದ ನಕಲನ್ನೇ ಕೊಡುತ್ತದೆ. ಅಂದಹಾಗೆ, ಆ ಮೂರು ಬೈಟ್‌ಗಳನ್ನು ಜಾವಾ ತಾನಾಗಿ ತೆಗೆದುಹಾಕುವುದಿಲ್ಲ. ಪಠ್ಯವಾಗಿ ಓದಿದಾಗ ಸ್ಟ್ರಿಂಗಿನ ಮೊದಲಲ್ಲಿ ಕಾಣದ ಒಂದು ಸಂಕೇತ ಉಳಿದುಕೊಂಡು, ‘ಕಲಬುರಗಿ’ಯೊಂದಿಗೆ ಹೋಲಿಸಿದಾಗ ಸಮವಲ್ಲವೆಂಬ ಉತ್ತರ ಬರುತ್ತದೆ.

ಬೈಟ್‌ಗಳನ್ನು ನಕಲು ಮಾಡುವವರಿಗೆ ಇಷ್ಟು ಸಾಕು. ಅವನ್ನು ಅಕ್ಷರಗಳಾಗಿ ಓದಬೇಕಾದವರಿಗೆ ಇನ್ನೊಂದು ಎಚ್ಚರ ಬೇಕು. 8 ಬೈಟಿನ ಮೊದಲ ತುಂಡಿನಲ್ಲಿ ‘ಕ’ ಮತ್ತು ‘ಲ’ ಪೂರ್ತಿಯಾಗಿ 6 ಬೈಟ್ ತೆಗೆದುಕೊಂಡ ಮೇಲೆ ಉಳಿಯುವುದು ‘ಬ’ದ ಮೊದಲ ಎರಡು ಬೈಟ್, ಅದರ ಮೂರನೆಯ ಬೈಟ್ ಮುಂದಿನ ತುಂಡಿಗೆ ಹೋಗಿರುತ್ತದೆ. ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಸ್ಟ್ರಿಂಗ್ ಮಾಡಿ ಜೋಡಿಸಿದರೆ ‘ಬ’ ಇರಬೇಕಾದಲ್ಲಿ ಪ್ರಶ್ನೆ ಚಿಹ್ನೆಯುಳ್ಳ ಕಪ್ಪು ವಜ್ರಾಕೃತಿಗಳು ಕಾಣಿಸಿಕೊಳ್ಳುತ್ತವೆ. ‘ಗ’ಕ್ಕೂ ಅದೇ ಗತಿ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುವುದರಿಂದ ಇಂಗ್ಲಿಷ್ ಪಠ್ಯದ ಮೇಲೆ ಪರೀಕ್ಷಿಸಿದವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಬಫರಿನ ಉದ್ದವನ್ನು 3ರ ಗುಣಕವಾಗಿ ಇಟ್ಟುಕೊಳ್ಳುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಪಠ್ಯದ ನಡುವೆ ಒಂದು ಖಾಲಿ ಜಾಗ ಅಥವಾ ಅಲ್ಪವಿರಾಮ ಬಂದರೆ ಸಾಕು, ಆ ಲೆಕ್ಕ ತಪ್ಪುತ್ತದೆ. ಅಕ್ಷರ ಬೇಕಾದಾಗ ಸ್ಟ್ರೀಮನ್ನು ಇನ್‌ಪುಟ್‌ಸ್ಟ್ರೀಮ್‌ರೀಡರ್‌ನಲ್ಲಿ ಸುತ್ತಿ, ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ ಓದುವುದೇ ಸರಿಯಾದ ದಾರಿ. ಅರ್ಧಕ್ಕೆ ನಿಂತ ಬೈಟ್‌ಗಳನ್ನು ಮುಂದಿನ ತುಂಡು ಬರುವವರೆಗೆ ಅದು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. 2022ರ ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತ ಎನ್‌ಕೋಡಿಂಗ್ ಆಗಿದೆ, ಆದರೆ ಲ್ಯಾಬಿನ ಕಂಪ್ಯೂಟರುಗಳಲ್ಲಿ ಜಾವಾ 8 ಇದ್ದರೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಹೆಸರಿಸಿ ಹೇಳುವ ಅಭ್ಯಾಸವೇ ಲೇಸು. ಒಮ್ಮೆ ರೀಡರ್‌ನಲ್ಲಿ ಸುತ್ತಿದ ಸ್ಟ್ರೀಮಿನಿಂದ ಮತ್ತೆ ನೇರವಾಗಿ ಬೈಟ್ ಓದಲು ಹೋಗಬಾರದು, ಏಕೆಂದರೆ ರೀಡರ್ ಮುಂದಿನ ಬೈಟ್‌ಗಳನ್ನು ಆಗಲೇ ಒಳಗೆ ಎಳೆದುಕೊಂಡಿರಬಹುದು.

ಎಷ್ಟು ಬೈಟ್ ಇವೆ ಎಂದು ಮೊದಲೇ ತಿಳಿದು ಅಷ್ಟೇ ಉದ್ದದ ಅರೇ ಮಾಡಿಕೊಳ್ಳೋಣವೆಂದು ಅವೈಲಬಲ್ ಮೆಥಡ್ ಬಳಸುವವರು ಬಹಳ. ಅದು ತಡೆಯಿಲ್ಲದೆ ಈ ಕ್ಷಣ ಓದಲು ಸಿಗಬಹುದಾದ ಬೈಟ್‌ಗಳ ಅಂದಾಜು ಮಾತ್ರ. ಸಾಮಾನ್ಯ ಫೈಲಿನಲ್ಲಿ ಆ ಅಂದಾಜು ಉಳಿದ ಗಾತ್ರಕ್ಕೆ ಸಮವಾಗಿ ಬರುವುದರಿಂದ ಜನ ಮೋಸಹೋಗುತ್ತಾರೆ. ಮೂಲ ಇನ್‌ಪುಟ್‌ಸ್ಟ್ರೀಮ್ ಕ್ಲಾಸಿನಲ್ಲಿ ಅದು ಸದಾ 0 ಕೊಡುತ್ತದೆ. ಸಾಕೆಟ್‌ನಲ್ಲಿ ಮಾಹಿತಿ ಇನ್ನೂ ದಾರಿಯಲ್ಲಿದ್ದರೆ 0 ಕೊಡುತ್ತದೆ, ಅದರರ್ಥ ಮುಗಿಯಿತೆಂದಲ್ಲ. ಕುಗ್ಗಿಸಿದ ಫೈಲನ್ನು ಬಿಡಿಸಿ ಓದುವ ಜಿಜಿಪ್‌ಇನ್‌ಪುಟ್‌ಸ್ಟ್ರೀಮ್ ಅಂತೂ ಸ್ಟ್ರೀಮ್ ಮುಗಿಯುವವರೆಗೆ 1, ಮುಗಿದ ಮೇಲೆ 0 ಎಂದಷ್ಟೇ ಹೇಳುವುದರಿಂದ, ಅದನ್ನು ನಂಬಿ ಅರೇ ಮಾಡಿದವರಿಗೆ ದೊರೆಯುವುದು ಒಂದು ಬೈಟಿನ ಅರೇ. ಸ್ಟ್ರೀಮ್ ಮುಗಿದದ್ದನ್ನು ಹೇಳುವ ಹಕ್ಕು ರೀಡ್ ಕೊಡುವ -1ಕ್ಕೆ ಮಾತ್ರ ಇದೆ.

ನಿಗದಿತ ಉದ್ದದ ದಾಖಲೆಗಳನ್ನು ಓದುವಾಗ ಎಣಿಕೆಯ ಮಹತ್ವ ಇನ್ನಷ್ಟು ಗಂಭೀರವಾಗುತ್ತದೆ. ಕಲಬುರಗಿಯ ಗಂಜಿನಲ್ಲಿ ಒಂದು ಅಡತ ಅಂಗಡಿಗೆ ತಂತ್ರಾಂಶ ಬರೆಯುತ್ತಿದ್ದೀರಿ ಎಂದು ಕಲ್ಪಿಸಿಕೊಳ್ಳಿ. ಎಲೆಕ್ಟ್ರಾನಿಕ್ ತೂಕದ ಯಂತ್ರವು ಪ್ರತಿ ತೊಗರಿ ಚೀಲಕ್ಕೂ 16 ಬೈಟಿನ ಒಂದು ದಾಖಲೆಯನ್ನು ನೆಟ್‌ವರ್ಕಿನ ಮೂಲಕ ಕಳುಹಿಸುತ್ತದೆ: ಮೊದಲ 8 ಬೈಟ್ ಸಮಯ, ಮುಂದಿನ 4 ಚೀಲದ ಸಂಖ್ಯೆ, ಕೊನೆಯ 4 ಗ್ರಾಂನಲ್ಲಿ ತೂಕ. ಯಂತ್ರ 16 ಬೈಟ್‌ಗಳನ್ನು ಒಟ್ಟಿಗೆ ಕಳುಹಿಸಿದರೂ, ನೆಟ್‌ವರ್ಕಿನಲ್ಲಿ ಬೈಟ್‌ಗಳನ್ನು ಸಾಗಿಸುವ ಟಿಸಿಪಿ ಎಂಬ ನಿಯಮಾವಳಿಯಲ್ಲಿ ಅವು ಒಟ್ಟಿಗೇ ತಲುಪಬೇಕೆಂಬ ನಿಯಮವಿಲ್ಲ. ಮೊದಲು 9, ಸ್ವಲ್ಪ ತಡೆದು 7 ಬರಬಹುದು. ಎಣಿಕೆ ನೋಡದ ಪ್ರೋಗ್ರಾಂ 9 ಬಂದಾಗಲೇ ದಾಖಲೆ ಪೂರ್ತಿಯಾಯಿತೆಂದು ಭಾವಿಸುತ್ತದೆ. ಬಫರನ್ನು ಮರುಬಳಕೆ ಮಾಡುತ್ತಿದ್ದರೆ ಅದರ ಕೊನೆಯ 4 ಬೈಟ್‌ಗಳಲ್ಲಿ ಹಿಂದಿನ ಚೀಲದ ತೂಕ ಇನ್ನೂ ಕುಳಿತಿರುವುದರಿಂದ ಹೊಸ ಚೀಲಕ್ಕೆ ಹಳೆಯ ತೂಕ ಬಿಲ್ಲಿಗೆ ಹೋಗುತ್ತದೆ. ಉಳಿದ 7 ಬೈಟ್‌ಗಳು ಮುಂದಿನ ದಾಖಲೆಯ ತಲೆಯಾಗಿ, ಅಲ್ಲಿಂದ ಮುಂದಿನ ಎಲ್ಲ ದಾಖಲೆಗಳೂ ಸ್ಥಾನ ತಪ್ಪುತ್ತವೆ. ರೈತನಿಗೋ ಅಡತಿಗೋ ನಷ್ಟವಾದ ಮೇಲೆ ಯಂತ್ರ ಕೆಟ್ಟಿದೆ ಎಂದು ದೂರುವುದು ಸುಲಭ.

ಇದಕ್ಕೆ ಜಾವಾ 9ರಿಂದ ರೀಡ್‌ಎನ್‌ಬೈಟ್ಸ್ ಎಂಬ ಮೆಥಡ್ ಇದೆ. ಅರೇ, ಆರಂಭದ ಸ್ಥಾನ, ಬೇಕಾದ ಉದ್ದ ಈ ಮೂರನ್ನು ಕೊಟ್ಟರೆ, ಅಷ್ಟು ಬೈಟ್ ಸಿಗುವವರೆಗೆ ಇಲ್ಲವೆ ಸ್ಟ್ರೀಮ್ ಮುಗಿಯುವವರೆಗೆ ಅದು ತಾನೇ ಮತ್ತೆ ಮತ್ತೆ ಓದಿ, ಒಟ್ಟು ಎಣಿಕೆಯನ್ನು ಕೊಡುತ್ತದೆ. 16 ಬಂದರೆ ದಾಖಲೆ ಪೂರ್ಣ; 0 ಬಂದರೆ ಸ್ಟ್ರೀಮ್ ಕ್ರಮವಾಗಿ ಮುಗಿದಿದೆ; ನಡುವಿನ ಯಾವುದೇ ಸಂಖ್ಯೆ ಬಂದರೆ ಸಂಪರ್ಕ ಅರ್ಧದಲ್ಲಿ ಕಡಿದಿದೆ ಎಂದರ್ಥ, ಆ ತುಂಡನ್ನು ದಾಖಲೆಯಾಗಿ ಒಪ್ಪಬಾರದು. ಈ ಮೆಥಡ್ -1 ಕೊಡುವುದಿಲ್ಲ ಎಂಬುದನ್ನು ನೆನಪಿಡಬೇಕು, ಇಲ್ಲವಾದರೆ -1ಕ್ಕಾಗಿ ಕಾಯುವ ಲೂಪ್ ಎಂದಿಗೂ ನಿಲ್ಲುವುದಿಲ್ಲ. ಜಾವಾ 8ರಲ್ಲಿಯೇ ಕೆಲಸ ಮಾಡಬೇಕಾದವರು ಡೇಟಾಇನ್‌ಪುಟ್‌ಸ್ಟ್ರೀಮ್‌ನ ರೀಡ್‌ಫುಲ್ಲಿ ಬಳಸಬಹುದು. ಬೈಟ್ ಕಡಿಮೆ ಬಿದ್ದರೆ ಅದು ಇಒಎಫ್‌ಎಕ್ಸೆಪ್ಶನ್ ಎಸೆಯುತ್ತದೆ.

ಬೈಟ್ ಕೈಗೆ ಬಂದ ಮೇಲೆ ಅವನ್ನು ಸಂಖ್ಯೆಯಾಗಿ ಜೋಡಿಸುವಲ್ಲಿಯೂ ಬೈಟಿನ ಚಿಹ್ನೆ ಕಾಡುತ್ತದೆ. ಚೀಲದ ತೂಕ 50,400 ಗ್ರಾಂ ಇದ್ದರೆ, ದೊಡ್ಡ ತುದಿ, ಅಂದರೆ ಹೆಚ್ಚು ಸ್ಥಾನಬೆಲೆಯ ಬೈಟ್, ಮೊದಲು ಬರುವ ಕ್ರಮದಲ್ಲಿ ಅದರ ನಾಲ್ಕು ಬೈಟ್‌ಗಳು 0, 0, 196, 224. ಅರೇಯಲ್ಲಿ ಇವು 0, 0, -60, -32 ಆಗಿ ಕಾಣುತ್ತವೆ. ಇವನ್ನು ಹಾಗೆಯೇ ಎಡಕ್ಕೆ ಸರಿಸಿ ಬಿಟ್‌ವೈಸ್ ಆರ್ ಮೂಲಕ ಸೇರಿಸಿದರೆ ಕೊನೆಯ ಬೈಟಿನ ಚಿಹ್ನೆಯ ಬಿಟ್‌ಗಳು ಮೇಲಿನ ಎಲ್ಲ ಸ್ಥಾನಗಳನ್ನೂ ಆಕ್ರಮಿಸಿ ಉತ್ತರ -32 ಬರುತ್ತದೆ. ಅಂದರೆ ಅರ್ಧ ಕ್ವಿಂಟಲ್ ತೊಗರಿಯ ಚೀಲ 32 ಗ್ರಾಂ ಸಾಲದಲ್ಲಿರುತ್ತದೆ. ಪ್ರತಿ ಬೈಟನ್ನೂ ಸರಿಸುವ ಮೊದಲು 255ರೊಂದಿಗೆ ಬಿಟ್‌ವೈಸ್ ಆಂಡ್ ಮಾಡಿದರೆ 196, 224 ಮರಳಿ ಸಿಕ್ಕಿ, 196ನ್ನು 256ರಿಂದ ಗುಣಿಸಿ 224 ಕೂಡಿಸಿದಾಗ 50,400 ಆಗುತ್ತದೆ. ಡೇಟಾಇನ್‌ಪುಟ್‌ಸ್ಟ್ರೀಮ್‌ನ ರೀಡ್‌ಇಂಟ್ ಇದನ್ನೆಲ್ಲ ತಾನೇ ಮಾಡುತ್ತದೆ, ಆದರೆ ಅದು ದೊಡ್ಡ ತುದಿ ಮೊದಲೆಂಬ ಕ್ರಮವನ್ನು ಮಾತ್ರ ಬಲ್ಲದು. ಯಂತ್ರ ಚಿಕ್ಕ ತುದಿಯನ್ನು ಮೊದಲು ಕಳುಹಿಸುವುದಾದರೆ ಬೈಟ್‌ಬಫರ್ ತೆಗೆದುಕೊಂಡು ಕ್ರಮವನ್ನು ಹೇಳಿ ಓದಬೇಕು.

ವೇಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಒಂದೊಂದೇ ಬೈಟ್ ಓದಿದರೆ ಪ್ರತಿ ಬೈಟಿಗೂ ಆಪರೇಟಿಂಗ್ ಸಿಸ್ಟಂಗೆ ಒಂದು ಕರೆ ಹೋಗುತ್ತದೆ. ಅದನ್ನು ಬಫರ್ಡ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿ ಸುತ್ತಿದರೆ ಅದು ಒಮ್ಮೆಗೆ 8192 ಬೈಟ್‌ಗಳವರೆಗೆ ತಂದಿಟ್ಟುಕೊಂಡು ಅಲ್ಲಿಂದ ಕೊಡುತ್ತದೆ. ನೀವೇ 8192 ಅಥವಾ ಅದಕ್ಕಿಂತ ದೊಡ್ಡ ಅರೇ ಕೊಟ್ಟು ಓದುತ್ತಿದ್ದರೆ ಸುತ್ತುವುದರಿಂದ ವಿಶೇಷ ಲಾಭವಿಲ್ಲ. ಚಿಕ್ಕ ಫೈಲನ್ನು ಒಟ್ಟಾರೆ ಓದಲು ಜಾವಾ 9ರ ರೀಡ್‌ಆಲ್‌ಬೈಟ್ಸ್, ಒಂದು ಸ್ಟ್ರೀಮಿನಿಂದ ಇನ್ನೊಂದಕ್ಕೆ ಸಾಗಿಸಲು ಅದೇ ಆವೃತ್ತಿಯ ಟ್ರಾನ್ಸ್‌ಫರ್‌ಟು ಸಾಕು. ಮೊದಲನೆಯದು ಎಲ್ಲವನ್ನೂ ಮೆಮೊರಿಗೆ ತರುವುದರಿಂದ ವಿಡಿಯೊದಂತಹ ದೊಡ್ಡ ಫೈಲಿಗೆ ಹಾಗೂ ಎಂದು ಮುಗಿಯುತ್ತದೆಂದು ತಿಳಿಯದ ಸಾಕೆಟ್ಟಿಗೆ ಅದು ತಕ್ಕದ್ದಲ್ಲ.

ಸ್ಟ್ರೀಮನ್ನು ಮುಚ್ಚುವ ಕೆಲಸವನ್ನು 2011ರ ಜಾವಾ 7ರಲ್ಲಿ ಬಂದ, ಟ್ರೈ ಪದದ ಮುಂದಿನ ಕಂಸದಲ್ಲಿಯೇ ಸ್ಟ್ರೀಮನ್ನು ತೆರೆಯುವ ವಿಧಾನಕ್ಕೆ ಬಿಡುವುದು ಉತ್ತಮ. ನಡುವೆ ಎಕ್ಸೆಪ್ಶನ್ ಬಂದರೂ ಕ್ಲೋಸ್ ತಪ್ಪದೆ ನಡೆಯುತ್ತದೆ. ಒಂದರೊಳಗೊಂದು ಸುತ್ತಿದ ಸ್ಟ್ರೀಮ್‌ಗಳಲ್ಲಿ ಹೊರಗಿನದನ್ನು ಮುಚ್ಚಿದರೆ ಒಳಗಿನದೂ ಮುಚ್ಚುತ್ತದೆ. ಆದರೆ ಪ್ಯಾರಾಮೀಟರ್ ಆಗಿ ಬಂದ ಸ್ಟ್ರೀಮನ್ನು ಪಡೆದ ಮೆಥಡ್ ಮುಚ್ಚಬಾರದು, ತೆರೆದವರೇ ಮುಚ್ಚಬೇಕು ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. ಕೀಬೋರ್ಡಿನ ಸಿಸ್ಟಂ.ಇನ್ ಅನ್ನು ಒಮ್ಮೆ ಮುಚ್ಚಿದರೆ ಆ ಪ್ರೋಗ್ರಾಂ ಮುಗಿಯುವವರೆಗೆ ಅದನ್ನು ಮತ್ತೆ ತೆರೆಯಲಾಗದು.

ಬರೆದ ಲೂಪ್ ಸರಿಯಿದೆಯೇ ಎಂದು ನೋಡಲು ನೆಟ್‌ವರ್ಕ್ ನಿಧಾನವಾಗುವವರೆಗೆ ಕಾಯಬೇಕಾಗಿಲ್ಲ, ಕ್ಲಾಸಿನ ರಚನೆಯೇ ಅದಕ್ಕೆ ಅವಕಾಶ ಕೊಡುತ್ತದೆ. ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಒಂದು ಸಬ್‌ಕ್ಲಾಸ್ ಮಾಡಿ, ಅದರಲ್ಲಿ ಅರೇ, ಸ್ಥಾನ, ಉದ್ದ ಪಡೆಯುವ ರೀಡನ್ನು ಮಾತ್ರ ಪುನಃ ಬರೆಯಿರಿ: ಕೇಳಿದ ಉದ್ದ ಎಷ್ಟೇ ಇದ್ದರೂ, ಅದರಲ್ಲಿ ಮತ್ತು ನೀವು ಇಟ್ಟ ಮಿತಿಯಲ್ಲಿ ಯಾವುದು ಚಿಕ್ಕದೋ ಅಷ್ಟನ್ನು ಮಾತ್ರ ಮೂಲ ಕ್ಲಾಸಿನ ರೀಡಿಗೆ ದಾಟಿಸಿ, ಅದು ಕೊಟ್ಟ ಎಣಿಕೆಯನ್ನು ಹಾಗೆಯೇ ಹಿಂತಿರುಗಿಸಬೇಕು. ಅರೇ ಮಾತ್ರ ಪಡೆಯುವ ರೀಡ್ ಇದನ್ನೇ ಕರೆಯುವುದರಿಂದ ಅದನ್ನು ಬೇರೆಯಾಗಿ ಬರೆಯುವ ಅಗತ್ಯವಿಲ್ಲ. ಈಗ ‘ಕಲಬುರಗಿ’ಯ 21 ಬೈಟ್‌ಗಳನ್ನು ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್‌ನಲ್ಲಿಟ್ಟು, ಅದನ್ನು ಈ ಹೊಸ ಕ್ಲಾಸಿನಲ್ಲಿ ಸುತ್ತಿ, ಮಿತಿಯನ್ನು 1, 2, 3 ಎಂದು 21ರವರೆಗೆ ಬದಲಿಸುತ್ತ ನಿಮ್ಮ ಮೆಥಡಿಗೆ ಕೊಡಿ. ಪ್ರತಿ ಬಾರಿಯೂ ಹೊರಬರುವ 21 ಬೈಟ್‌ಗಳು ಒಳಗೆ ಕೊಟ್ಟವುಗಳೊಂದಿಗೆ ಸ್ಥಾನದಿಂದ ಸ್ಥಾನಕ್ಕೆ ಸಮವಾಗಿರಬೇಕು. ಒಂದು ಮಿತಿಯಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಪ್ಪಾದರೆ ಎಣಿಕೆಯನ್ನು ಎಲ್ಲಿಯೋ ಕೈಬಿಟ್ಟಿದ್ದೀರಿ. ರೀಡ್ ಕರೆದ ಸಾಲಿನಿಂದಲೇ ಹುಡುಕಲು ಆರಂಭಿಸಿ.